ಸನ್ನೆ ಭಾಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವುದು ಹೇಗೆ: ಸೈನ್‌ರೈಟಿಂಗ್ ಗುರುತುಗಳ ಸಮಗ್ರ ಮಾರ್ಗದರ್ಶಿ

ಸನ್ನೆ ಭಾಷೆಯಲ್ಲಿ ಒಂದು ಚೀಟಿ ಬರೆದಿಡಬೇಕು ಅಂದುಕೊಳ್ಳಿ. ವಿಡಿಯೊ ಮಾಡಬಹುದು, ನಿಜ. ಆದರೆ ಅದರೊಳಗೆ ಒಂದು ಪದವನ್ನು ಹುಡುಕುವುದು ಕಷ್ಟ. ಒಂದು ಸನ್ನೆ ತಪ್ಪಾದರೆ ಅದನ್ನಷ್ಟೇ ಅಳಿಸಿ ತಿದ್ದಲು ಆಗುವುದಿಲ್ಲ, ಆ ಭಾಗವನ್ನೇ ಮತ್ತೆ ರೆಕಾರ್ಡ್ ಮಾಡಬೇಕು. ಹೋಗಲಿ, ಮಾತಿನ ಭಾಷೆಯ ಪದಗಳನ್ನೇ ಸಾಲಾಗಿ ಬರೆದಿಟ್ಟರೆ? ಅದು ಬೇರೆ ಭಾಷೆಯ ಬರಹ ಆಗಿಬಿಡುತ್ತದೆ. ಹುಬ್ಬು ಎತ್ತಿದ್ದು, ಕೈ ಸಾಗಿದ ದಾರಿ, ಬೆರಳು ಮುಟ್ಟಿದ ಜಾಗ, ಎಲ್ಲವೂ ಕಳೆದುಹೋಗುತ್ತವೆ.

ಸನ್ನೆಯನ್ನು ಸನ್ನೆಯಾಗಿಯೇ ಬರೆಯುವ ಲಿಪಿ ಇದೆ. ಅದರ ಹೆಸರು ಸೈನ್‌ರೈಟಿಂಗ್. ವ್ಯಾಲೆರಿ ಸಟ್ಟನ್ ಇದನ್ನು 1974ರಲ್ಲಿ ರೂಪಿಸಿದರು. ಅವರು ಅದಕ್ಕೂ ಮೊದಲು ನೃತ್ಯದ ಚಲನೆಗಳನ್ನು ಬರೆಯುವ ವಿಧಾನವೊಂದನ್ನು ಮಾಡಿದ್ದರು. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ನೋಡಿ, ಸನ್ನೆಗಳನ್ನೂ ಹೀಗೆ ಬರೆಯಬಹುದೇ ಎಂದು ಕೇಳಿದರು. ಲಿಪಿ ಹುಟ್ಟಿದ್ದು ಹಾಗೆ. ಇಂದು ಅದು ಎಲ್ಲ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿಯಾದ ಯೂನಿಕೋಡ್‌ನಲ್ಲಿದೆ. ಅದಕ್ಕೆ ಫಾಂಟ್‌ಗಳಿವೆ, ಬರೆಯುವ ಸಾಧನಗಳಿವೆ. ಆದರೂ ಹೆಚ್ಚಿನವರು ಸನ್ನೆಯ ಚಿತ್ರವೊಂದನ್ನು ಅಂಟಿಸಿ ಸುಮ್ನೆ ಆಗಿಬಿಡುತ್ತಾರೆ. ಹಾಗೆ ಮಾಡಬೇಡಿ ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಬರಹ ಬರಹವಾಗಿಯೇ ಉಳಿಯಬೇಕು. ಆಗ ಅದನ್ನು ಹುಡುಕಬಹುದು, ತಿದ್ದಬಹುದು, ಹಂಚಬಹುದು.

ಬೇರೆ ವಿಧಾನಗಳೂ ಇವೆ. ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ 1960ರಲ್ಲಿ ಅಮೆರಿಕದ ಸನ್ನೆ ಭಾಷೆಗಾಗಿ ಒಂದು ಗುರುತು ಪದ್ಧತಿ ಕೊಟ್ಟರು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹ್ಯಾಮ್‌ನೋಸಿಸ್ ಬೆಳೆಯಿತು. ಅದು ಸಂಶೋಧಕರಿಗೆ ಒಳ್ಳೆಯ ಸಾಧನ. ಗುರುತುಗಳು ಒಂದೇ ಸಾಲಿನಲ್ಲಿ ಬರುತ್ತವೆ, ಮೊದಲು ಕೈಯ ಆಕಾರ, ಆಮೇಲೆ ದಿಕ್ಕು, ಜಾಗ, ಚಲನೆ. ಆದರೆ ಅದರ ಫಾಂಟ್ ಯೂನಿಕೋಡ್‌ನ ಖಾಸಗಿ ಬಳಕೆಯ ಜಾಗದಲ್ಲಿ ಕೂತಿದೆ. ಅಂದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಖಾಲಿ ಚೌಕಗಳಾಗಿ ಕಾಣುತ್ತದೆ. ದಿನನಿತ್ಯದ ಓದು ಬರಹಕ್ಕೆ, ಪತ್ರಕ್ಕೆ, ಕಥೆಗೆ ನಾನು ಸೈನ್‌ರೈಟಿಂಗನ್ನೇ ಆರಿಸುತ್ತೇನೆ.

ಎಮೋಜಿ ಕೈಗಳ ಬಗ್ಗೆಯೂ ಒಂದು ಮಾತು. 2017ರಲ್ಲಿ ಯೂನಿಕೋಡ್‌ಗೆ ಬಂದ 'ಐ ಲವ್ ಯೂ' ಕೈ ಎಮೋಜಿ ಅಮೆರಿಕದ ಸನ್ನೆ ಭಾಷೆಯಿಂದಲೇ ಬಂದದ್ದು. ನೋಡಲು ಚೆನ್ನಾಗಿದೆ. ಆದರೆ ಎಮೋಜಿಗಳಲ್ಲಿ ಒಂದು ವಾಕ್ಯವನ್ನೂ ಬರೆಯಲು ಆಗುವುದಿಲ್ಲ. ಕೈ ಎತ್ತ ಚಲಿಸಿತು, ಎಲ್ಲಿ ಮುಟ್ಟಿತು ಎಂದು ಹೇಳುವ ದಾರಿ ಅಲ್ಲಿಲ್ಲ.

ಹೆಜ್ಜೆ 1: ಮೊದಲು ಓದಲು ಕಲಿಯಿರಿ

ಸಾಫ್ಟ್‌ವೇರ್ ತೆರೆಯುವ ಅವಸರ ಬೇಡ. ಗುರುತುಗಳು ಏನು ಹೇಳುತ್ತವೆ ಎಂದು ತಿಳಿಯದೆ ಎಳೆದು ಜೋಡಿಸಿದರೆ ಅರ್ಥವಿಲ್ಲದ ಚಿತ್ತಾರ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ದೃಷ್ಟಿ. ಸೈನ್‌ರೈಟಿಂಗ್‌ನಲ್ಲಿ ಸನ್ನೆ ಮಾಡುವವರ ಕಣ್ಣಿನಿಂದ ಬರೆಯುತ್ತಾರೆ, ಎದುರು ನಿಂತು ನೋಡುವವರ ಕಣ್ಣಿನಿಂದ ಅಲ್ಲ. ನಿಮ್ಮ ಬಲಗೈ ಬರಹದಲ್ಲೂ ಬಲಕ್ಕೇ ಇರುತ್ತದೆ. ನಾನು ಆರಂಭದಲ್ಲಿ ವಿಡಿಯೊ ನೋಡಿಕೊಂಡು ಬರೆಯುತ್ತಿದ್ದೆ. ಹಾಗಾಗಿ ಬಲಗೈ ಎಲ್ಲ ಎಡಗೈ ಆಗಿ ಕೂತಿತ್ತು. ಅಷ್ಟನ್ನೂ ಮತ್ತೆ ಬರೆಯಬೇಕಾಯಿತು. ಅಂದಿನಿಂದ ನನ್ನ ನಿಯಮ ಒಂದೇ: ಮೊದಲು ಸನ್ನೆಯನ್ನು ನನ್ನ ಕೈಯಿಂದಲೇ ಮಾಡುತ್ತೇನೆ, ನನ್ನ ಕೈಯನ್ನೇ ನೋಡುತ್ತೇನೆ, ಆಮೇಲೆ ಬರೆಯುತ್ತೇನೆ.

ಈಗ ಕೈಯ ಗುರುತು. ಮುಷ್ಟಿಗೆ ಒಂದು ಚೌಕ. ಅದರಿಂದ ಹೊರಟ ಗೆರೆಗಳು ಬೆರಳುಗಳು. ತೋರುಬೆರಳು ಎತ್ತಿದ ಮುಷ್ಟಿ ಅಂದರೆ ಚೌಕದ ಮೇಲೆ ಒಂದು ಗೆರೆ. ಅಂಗೈ ಎತ್ತ ತಿರುಗಿದೆ ಎಂಬುದನ್ನು ಬಣ್ಣ ಹೇಳುತ್ತದೆ. ನಿಮಗೆ ಅಂಗೈ ಕಂಡರೆ ಗುರುತು ಬಿಳಿ. ಕೈಯ ಹಿಂಬದಿ ಕಂಡರೆ ಕಪ್ಪು. ಪಕ್ಕದಿಂದ ಕಂಡರೆ ಅರ್ಧ ಬಿಳಿ, ಅರ್ಧ ಕಪ್ಪು, ಅದರಲ್ಲಿ ಬಿಳಿ ಭಾಗ ಇರುವ ಕಡೆ ಅಂಗೈ ಇದೆ ಎಂದರ್ಥ. ಇದು ಒಮ್ಮೆ ತಲೆಗೆ ಹತ್ತಿದರೆ ಅರ್ಧ ಲಿಪಿ ಬಂದ ಹಾಗೆ.

ಇನ್ನೊಂದು ಸಣ್ಣ ವಿಷಯವಿದೆ, ಕಣ್ಣು ತಪ್ಪಿಸಿಕೊಳ್ಳುವಂಥದ್ದು. ಕೈ ಗೋಡೆಗೆ ಸಮವಾಗಿ ನಿಂತಿದ್ದರೆ ಬೆರಳಿನ ಗೆರೆ ಚೌಕಕ್ಕೆ ಅಂಟಿಕೊಂಡಿರುತ್ತದೆ. ಕೈ ನೆಲಕ್ಕೆ ಸಮವಾಗಿ ಮಲಗಿದ್ದರೆ, ಅಂದರೆ ಮೇಲಿನಿಂದ ನೋಡಿದ ಹಾಗೆ ಬರೆಯುವಾಗ, ಬೆರಳಿನ ಬುಡದ ಗೆಣ್ಣಿನ ಬಳಿ ಒಂದು ಚಿಕ್ಕ ಬಿರುಕು ಇರುತ್ತದೆ. ಹೀಗೆ ಬಿಳಿ, ಅರ್ಧ, ಕಪ್ಪು ಮೂರು, ಬಿರುಕಿನ ಜೊತೆ ಇನ್ನೂ ಮೂರು. ಒಟ್ಟು ಆರು ತುಂಬು ಬಗೆಗಳು. ಈ ಸಂಖ್ಯೆ ನೆನಪಿರಲಿ, ಮುಂದೆ ಕೋಡ್‌ನಲ್ಲಿ ಇದೇ ಬರುತ್ತದೆ.

ಗುರುತನ್ನು ತಿರುಗಿಸಲೂಬಹುದು. ನೇರವಾಗಿ ನಿಂತದ್ದು ಮೊದಲನೆಯದು. ಅಲ್ಲಿಂದ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ 45 ಡಿಗ್ರಿಯಂತೆ, ಅದೂ ಸೇರಿ ಎಂಟು ತಿರುವುಗಳು. ಕನ್ನಡಿಯಲ್ಲಿ ಕಂಡ ಹಾಗೆ ತಿರುವಿದರೆ ಮತ್ತೆ ಎಂಟು. ಒಟ್ಟು 16.

ಚಲನೆಗೆ ಬಾಣಗಳು. ಬಾಣದ ತಲೆ ಕಪ್ಪಾದರೆ ಬಲಗೈ ಚಲಿಸಿತು, ಬಿಳಿಯಾದರೆ ಎಡಗೈ. ಬರೀ ಗೆರೆಯ ತೆರೆದ ತಲೆ ಇದ್ದರೆ ಎರಡೂ ಕೈ ಒಟ್ಟಿಗೆ ಒಂದೇ ದಾರಿಯಲ್ಲಿ ಹೋದವು. ಬಾಣದ ದಂಟು ಜೋಡಿ ಗೆರೆಯಾದರೆ ಮೇಲೆ ಕೆಳಗೆ ಚಲನೆ. ಒಂಟಿ ಗೆರೆಯಾದರೆ ಮುಂದೆ ಹಿಂದೆ. ಮುಟ್ಟುವುದಕ್ಕೆ ನಕ್ಷತ್ರದ ಗುರುತು, ಹಿಡಿಯುವುದಕ್ಕೆ ಕೂಡಿಸುವ ಗುರುತು, ಹೊಡೆಯುವುದಕ್ಕೆ ಹ್ಯಾಶ್ ಗುರುತು, ಉಜ್ಜುವುದಕ್ಕೆ ಸುರುಳಿ. ಎರಡು ಸಲ ಮುಟ್ಟಿದರೆ ಎರಡು ನಕ್ಷತ್ರ. ಬೆರಳಿನ ನಡುಗೆಣ್ಣು ಮಡಚಿದರೆ ಕಪ್ಪು ಚುಕ್ಕೆ, ಬಿಚ್ಚಿದರೆ ಖಾಲಿ ಚುಕ್ಕೆ.

ಮುಖ ಒಂದು ವೃತ್ತ. ಅದರೊಳಗೆ ಹುಬ್ಬು, ಕಣ್ಣು, ಕೆನ್ನೆ, ಬಾಯಿ. ಮುಖವನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಡಬೇಡಿ. ಅನೇಕ ಸನ್ನೆ ಭಾಷೆಗಳಲ್ಲಿ ಹುಬ್ಬೇ ಪ್ರಶ್ನೆ ಕೇಳುತ್ತದೆ. ಹುಬ್ಬು ಬಿಟ್ಟರೆ ಪ್ರಶ್ನೆ ಹೇಳಿಕೆ ಆಗಿಬಿಡಬಹುದು.

ಹೆಜ್ಜೆ 2: ಒಂದು ಸನ್ನೆಯನ್ನು ಕಾಗದದ ಮೇಲೆ ಬರೆಯಿರಿ

ಅಮೆರಿಕದ ಸನ್ನೆ ಭಾಷೆಯಲ್ಲಿ 'ಕಿವುಡ' ಎಂಬ ಸನ್ನೆ ತೆಗೆದುಕೊಳ್ಳೋಣ. ತೋರುಬೆರಳು ಕಿವಿಯ ಹತ್ತಿರ ಕೆನ್ನೆಯನ್ನು ಮುಟ್ಟುತ್ತದೆ, ಆಮೇಲೆ ಬಾಯಿಯ ಹತ್ತಿರ ಬಂದು ಮುಟ್ಟುತ್ತದೆ. ಕೆಲವರು ಬಾಯಿಯಿಂದ ಶುರು ಮಾಡಿ ಕಿವಿಗೆ ಹೋಗುತ್ತಾರೆ. ನೀವು ಯಾರ ಸನ್ನೆ ಬರೆಯುತ್ತಿದ್ದೀರೋ ಅವರು ಮಾಡಿದ ಹಾಗೇ ಬರೆಯಿರಿ.

ಮೊದಲು ಮುಖದ ವೃತ್ತ. ಅದರ ಬಲಕ್ಕೆ ತೋರುಬೆರಳಿನ ಕೈ, ಬೆರಳ ತುದಿ ಕೆನ್ನೆಯ ಕಡೆಗೆ ವಾಲಿರಲಿ. ಅಂಗೈ ಎತ್ತ ಇದೆ ಎಂದು ನಿಮ್ಮದೇ ಕೈ ನೋಡಿ ಬಣ್ಣ ಹಾಕಿ. ಕೈ ಹೋಗುವ ದಾರಿಗೆ ಬಾಣ. ಮುಟ್ಟುವುದು ಎರಡು ಸಲವಾದ್ದರಿಂದ ಎರಡು ನಕ್ಷತ್ರ. ಇಷ್ಟೇ. ಎಲ್ಲೋ ದೂರ ದೂರ ಇಡಬೇಡಿ, ಗುರುತುಗಳು ದೇಹದ ಮೇಲೆ ನಿಜವಾಗಿ ಇರುವ ಜಾಗಕ್ಕೆ ಹೊಂದಬೇಕು. ಈ ಲಿಪಿಯಲ್ಲಿ ಜಾಗವೇ ಅರ್ಥ.

ವಾಕ್ಯವಾದರೆ ಸನ್ನೆಗಳನ್ನು ಮೇಲಿನಿಂದ ಕೆಳಕ್ಕೆ ಕಂಬದ ಹಾಗೆ ಬರೆಯುತ್ತಾರೆ. ಕಂಬಗಳು ಎಡದಿಂದ ಬಲಕ್ಕೆ ಸಾಗುತ್ತವೆ. ಹಿಂದೆ ಅಡ್ಡ ಸಾಲಿನಲ್ಲಿ ಬರೆಯುತ್ತಿದ್ದರು, ಈಗಲೂ ಕೆಲವೊಮ್ಮೆ ಹಾಗೆ ಬರೆಯುವುದುಂಟು. ಆದರೆ ಕಂಬವೇ ಓದಲು ಹಿತ. ತಲೆ ಮೇಲೆ, ಎದೆ ಕೆಳಗೆ, ಎರಡು ಕೈ ಎರಡು ಪಕ್ಕ. ಕಥೆ ಹೇಳುವವರು ದೇಹವನ್ನು ಎಡಕ್ಕೆ ಬಲಕ್ಕೆ ವಾಲಿಸಿ ಪಾತ್ರ ಬದಲಿಸುವಾಗ, ಸನ್ನೆಯನ್ನೂ ಕಂಬದ ಎಡ ಓಣಿಗೋ ಬಲ ಓಣಿಗೋ ಸರಿಸುತ್ತಾರೆ.

ಹೆಜ್ಜೆ 3: ಯಾವ ರೂಪದಲ್ಲಿ ಉಳಿಸಬೇಕು

ಇಲ್ಲಿಂದ ಕಂಪ್ಯೂಟರಿನ ಕೆಲಸ. ಹೆಚ್ಚಿನವರು ಎಡವುವುದೂ ಇಲ್ಲೇ.

ಒಂದು ದಾರಿ ಯೂನಿಕೋಡ್. 2015ರಲ್ಲಿ ಬಂದ ಯೂನಿಕೋಡ್ 8.0ರಲ್ಲಿ ಸಟ್ಟನ್ ಸೈನ್‌ರೈಟಿಂಗ್‌ಗೆ ತನ್ನದೇ ಜಾಗ ಸಿಕ್ಕಿತು. ಅದರಲ್ಲಿ 672 ಅಕ್ಷರಗಳಿವೆ. 652 ಮೂಲ ಗುರುತುಗಳು, 5 ತುಂಬು ಗುರುತುಗಳು, 15 ತಿರುವು ಗುರುತುಗಳು. ತುಂಬು ಆರು, ತಿರುವು 16 ಅಲ್ವಾ, ಇಲ್ಲೇಕೆ ಒಂದೊಂದು ಕಡಿಮೆ? ಮೊದಲನೆಯದಕ್ಕೆ ಬೇರೆ ಗುರುತು ಬೇಕಿಲ್ಲ. ಏನೂ ಹಾಕದಿದ್ದರೆ ಅದೇ ಮೊದಲನೆಯದು. ಕನ್ನಡದಲ್ಲಿ 'ಕ' ಬರೆದರೆ ಅಕಾರ ತಾನಾಗಿಯೇ ಇರುವ ಹಾಗೆ. 'ಕಿ' ಬೇಕಾದರೆ ಮಾತ್ರ ಗುಡಿಸು ಹಾಕುತ್ತೇವೆ.

ಕ್ರಮ ಯಾವಾಗಲೂ ಹೀಗೇ ಇರಬೇಕು: ಮೂಲ ಗುರುತು, ಆಮೇಲೆ ತುಂಬು, ಕೊನೆಗೆ ತಿರುವು. ವೆಬ್ ಪುಟದಲ್ಲಿ ದಶಮಾಂಶ ಸಂಖ್ಯೆಯಿಂದ ಬರೆದು ನೋಡಬಹುದು. ತೋರುಬೆರಳು ಎತ್ತಿದ ಮುಷ್ಟಿ, ಅಂಗೈ ನಮ್ಮ ಕಡೆ, ನೇರವಾಗಿ:

𝠀

ಅದೇ ಕೈ, ಹಿಂಬದಿ ನಮ್ಮ ಕಡೆ, ಅಂದರೆ ಕಪ್ಪು:

𝠀𝪜

ಕಪ್ಪು ಕೈ, ಎಡಕ್ಕೆ 45 ಡಿಗ್ರಿ ವಾಲಿದ್ದು:

𝠀𝪜𝪡

ತುಂಬು ಗುರುತುಗಳು 121499ರಿಂದ 121503ರವರೆಗೆ, ತಿರುವುಗಳು 121505ರಿಂದ 121519ರವರೆಗೆ. ಅಲ್ಪವಿರಾಮ 121479, ಪೂರ್ಣವಿರಾಮ 121480. ಮಾತಿನ ಭಾಷೆಯ ಚುಕ್ಕೆ ಇಟ್ಟು ವಾಕ್ಯ ಮುಗಿಸಬೇಡಿ, ಲಿಪಿಗೆ ತನ್ನದೇ ವಿರಾಮ ಚಿಹ್ನೆಗಳಿವೆ.

ಆದರೆ ಯೂನಿಕೋಡ್‌ಗೆ ಒಂದು ದೊಡ್ಡ ಮಿತಿ ಇದೆ. ಅದು ಗುರುತುಗಳನ್ನು ಕೊಡುತ್ತದೆ, ಅವು ಎಲ್ಲಿ ಕೂರಬೇಕು ಎಂದು ಹೇಳುವುದಿಲ್ಲ. ಮುಖ, ಕೈ, ನಕ್ಷತ್ರ, ಬಾಣ ಎಲ್ಲವೂ ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಜಾಗವೇ ಅರ್ಥ ಎಂದೆನಲ್ಲ, ಆ ಅರ್ಥ ಇಲ್ಲಿ ಉಳಿಯುವುದಿಲ್ಲ. ಒಂಟಿ ಗುರುತನ್ನು ಪಾಠದ ನಡುವೆ ತೋರಿಸಲು ಯೂನಿಕೋಡ್ ಸಾಕು. ಪೂರ್ತಿ ಸನ್ನೆಗೆ ಸಾಲದು.

ಪೂರ್ತಿ ಸನ್ನೆಗೆ ಬೇಕಾದದ್ದು ಫಾರ್ಮಲ್ ಸೈನ್‌ರೈಟಿಂಗ್. ಸ್ಟೀಫನ್ ಸ್ಲೆವಿನ್ಸ್ಕಿ ಇದನ್ನು ರೂಪಿಸಿದರು. ಸಾದಾ ರೋಮನ್ ಅಕ್ಷರ ಮತ್ತು ಅಂಕಿಗಳಲ್ಲಿ ಇಡೀ ಸನ್ನೆಯನ್ನು ಬರೆದಿಡುವ ಕೋಡ್ ಇದು. ಇಲ್ಲಿ ಆ ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬಿಡಿಸಿ ಬರೆಯುತ್ತೇನೆ. ನೀವು ಟೈಪ್ ಮಾಡುವಾಗ ರೋಮನ್ ಅಕ್ಷರವನ್ನೇ ಹಾಕಿ, ನಡುವೆ ಜಾಗ ಬಿಡಬೇಡಿ. ಅಮೆರಿಕದ ಸನ್ನೆ ಭಾಷೆಯ 'ಹಲೋ' ಹೀಗಿದೆ:

ಎಮ್ 518 ಎಕ್ಸ್ 529, ಎಸ್ 14ಸಿ20 481 ಎಕ್ಸ್ 471, ಎಸ್ 27106 503 ಎಕ್ಸ್ 489

ಇಲ್ಲಿನ ಅಲ್ಪವಿರಾಮಗಳು ಕೂಡ ಓದಲು ಹಾಕಿದ್ದು, ಕೋಡ್‌ನಲ್ಲಿ ಇರುವುದಿಲ್ಲ. ಬಿಡಿಸಿ ನೋಡೋಣ. 'ಎಮ್' ಎಂದರೆ ಸನ್ನೆ ಕಂಬದ ನಡು ಓಣಿಯಲ್ಲಿದೆ. 'ಎಲ್' ಎಡ ಓಣಿ, 'ಆರ್' ಬಲ ಓಣಿ, 'ಬಿ' ಅಡ್ಡ ಸಾಲಿನ ಬರಹ. ಮುಂದಿನ 518, 529 ಎರಡೂ ಸನ್ನೆಯ ಕೆಳಗಿನ ಬಲ ಮೂಲೆ. ನಡುಬಿಂದು 500, 500. ಮೊದಲ ಅಂಕಿ ಬಲಕ್ಕೆ ಹೋದಂತೆ ದೊಡ್ಡದಾಗುತ್ತದೆ, ಎರಡನೆಯದು ಕೆಳಕ್ಕೆ ಇಳಿದಂತೆ. ಬೆಲೆಗಳು 250ರಿಂದ 749ರವರೆಗೆ ಮಾತ್ರ.

'ಎಸ್' ಬಂದರೆ ಒಂದು ಗುರುತು ಶುರುವಾಯಿತು. ಅದರ ಮುಂದಿನ ಐದು ಅಂಕಿಗಳಲ್ಲಿ ಮೊದಲ ಮೂರು ಮೂಲ ಗುರುತು, ನಾಲ್ಕನೆಯದು ತುಂಬು, ಐದನೆಯದು ತಿರುವು. ಇವು ಹದಿನಾರರ ಲೆಕ್ಕದಲ್ಲಿವೆ, ಹಾಗಾಗಿ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಬರುತ್ತವೆ. ಇಲ್ಲಿ ಎಣಿಕೆ ಸೊನ್ನೆಯಿಂದ ಶುರು. 14ಸಿ ಅಂದರೆ ಐದೂ ಬೆರಳು ಬಿಡಿಸಿದ ಕೈ. ಅದರ ಮುಂದಿನ 2 ಅಂದರೆ ಮೂರನೆಯ ತುಂಬು, ಕಪ್ಪು. ಕೈ ಬೀಸುವಾಗ ಅಂಗೈ ಎದುರಿನವರ ಕಡೆ ಇರುತ್ತದೆ, ನಮಗೆ ಕಾಣುವುದು ಹಿಂಬದಿ. ಲೆಕ್ಕ ಸರಿಯಾಗಿದೆ ನೋಡಿ. ಕೊನೆಯ 0 ಅಂದರೆ ನೇರವಾಗಿ ನಿಂತ ಕೈ. ಅದರ ನಂತರ ಬರುವ 481, 471 ಆ ಗುರುತಿನ ಮೇಲಿನ ಎಡ ಮೂಲೆ. ಎರಡನೆಯ 'ಎಸ್' ಚಲನೆಯ ಗುರುತು.

ಮೂಲ ಗುರುತುಗಳು 100ರಿಂದ 38ಬಿವರೆಗೆ, ಲೆಕ್ಕ ಹಾಕಿದರೆ ಅದೇ 652. ಆರು ತುಂಬು, 16 ತಿರುವು ಗುಣಿಸಿದರೆ 62,592 ಆಗಬೇಕು. ಆದರೆ ಎಲ್ಲ ಗುರುತಿಗೂ ಎಲ್ಲ ರೂಪ ಇರುವುದಿಲ್ಲ. 2010ರ ಅಂತರರಾಷ್ಟ್ರೀಯ ಸೈನ್‌ರೈಟಿಂಗ್ ವರ್ಣಮಾಲೆಯಲ್ಲಿ ನಿಜವಾಗಿ ಇರುವುದು 37,811 ಗುರುತುಗಳು. ಕೋಡನ್ನು ಕೈಯಿಂದ ಬರೆದು ಏನೂ ಕಾಣದಿದ್ದರೆ, ಇಲ್ಲದ ರೂಪವೊಂದನ್ನು ಕೇಳಿರಬಹುದು. ಅದನ್ನು ಮೊದಲು ನೋಡಿ.

ಈ ಕೋಡ್ ಸಾದಾ ಅಕ್ಷರವಾದ್ದರಿಂದ ಎಲ್ಲಿ ಬೇಕಾದರೂ ಉಳಿಯುತ್ತದೆ, ಮಿಂಚಂಚೆಯಲ್ಲಿ, ಕೋಷ್ಟಕದಲ್ಲಿ, ಹಳೆಯ ಡೇಟಾಬೇಸಿನಲ್ಲಿ. ಯೂನಿಕೋಡ್ ಗುರುತುಗಳಿಗೆ ಆ ಅನುಕೂಲ ಇಲ್ಲ. ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಸಾಮಾನ್ಯ ವಿಧಾನವಾದ ಯುಟಿಎಫ್-8ರಲ್ಲಿ ಒಂದೊಂದೂ 4 ಬೈಟ್ ತಿನ್ನುತ್ತದೆ. ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಬಗೆ 3 ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ, ಅಲ್ಲಿ ಸೈನ್‌ರೈಟಿಂಗ್ ಉಳಿಯದು. 'ಯುಟಿಎಫ್8ಎಂಬಿ4' ಆರಿಸಿ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಗುರುತಿನ ಉದ್ದ ಕೇಳಿದರೆ 2 ಎನ್ನುತ್ತದೆ. ಕತ್ತರಿಸುವಾಗ ಗುರುತು ಅರ್ಧಕ್ಕೆ ಮುರಿಯದಂತೆ ನೋಡಿಕೊಳ್ಳಿ.

ಒಂದು ಎಚ್ಚರಿಕೆ. 'ಸೈನ್‌ರೈಟಿಂಗ್ ಇನ್ ಯೂನಿಕೋಡ್' ಎಂಬ ಇನ್ನೊಂದು ರೂಪವೂ ಇದೆ, ಫಾರ್ಮಲ್ ಸೈನ್‌ರೈಟಿಂಗ್‌ನ ಜೋಡಿ ಅದು. ಹೆಸರು ಕೇಳಿ ಯೂನಿಕೋಡ್ 8.0 ಎಂದುಕೊಳ್ಳಬೇಡಿ. ಅದೇ ಸಂಖ್ಯೆಗಳನ್ನು ಅದು ಓಣಿ ಮತ್ತು ಜಾಗ ಹೇಳಲು ಬಳಸುತ್ತದೆ. ಎರಡನ್ನೂ ಒಂದೇ ಕಡತದಲ್ಲಿ ಬೆರೆಸಿದರೆ ಬಿಡಿಸಲು ಬಹಳ ಕಷ್ಟ.

ಹೆಜ್ಜೆ 4: ಫಾಂಟ್ ಹಾಕಿಕೊಳ್ಳಿ

ಯೂನಿಕೋಡ್ ಗುರುತುಗಳಿಗೆ ನೋಟೊ ಸಾನ್ಸ್ ಸೈನ್‌ರೈಟಿಂಗ್ ಉಚಿತವಾಗಿ ಸಿಗುತ್ತದೆ. ಫಾರ್ಮಲ್ ಸೈನ್‌ರೈಟಿಂಗ್‌ಗೆ ಸಟ್ಟನ್ ಸೈನ್‌ರೈಟಿಂಗ್ ಲೈನ್ ಮತ್ತು ಫಿಲ್ ಎಂಬ ಎರಡು ಫಾಂಟ್‌ಗಳು ಬೇಕು, ಅವೂ ಉಚಿತ. ಎರಡೇಕೆ ಅಂದರೆ, ಒಂದು ಗೆರೆ ಬರೆಯುತ್ತದೆ, ಇನ್ನೊಂದು ಒಳಗಿನ ಬಿಳಿ ತುಂಬುತ್ತದೆ. ಕೈ ಮುಖದ ಮುಂದೆ ಬಂದಾಗ ಹಿಂದಿನ ಗೆರೆ ಮುಚ್ಚಿಹೋಗಬೇಕಲ್ಲ, ಅದಕ್ಕೆ. ಬರೀ ಲೈನ್ ಹಾಕಿಕೊಂಡರೆ ಗೆರೆಗಳು ಒಂದರ ಮೇಲೊಂದು ಹಾದು ಗೋಜಲಾಗುತ್ತವೆ.

ಹೆಜ್ಜೆ 5: ಬರೆಯುವ ಸಾಧನ

ಕೋಡನ್ನು ಯಾರೂ ದಿನವಿಡೀ ಕೈಯಿಂದ ಬರೆಯುವುದಿಲ್ಲ. ಸೈನ್‌ಮೇಕರ್ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ನಡೆಯುತ್ತದೆ. ಗುರುತುಗಳು 30 ಗುಂಪುಗಳಲ್ಲಿವೆ, ಅದರಲ್ಲಿ ಮೊದಲ ಹತ್ತು ಕೈಗಳದ್ದು. ಗುಂಪು ಆರಿಸಿ, ಮೂಲ ಗುರುತು ಆರಿಸಿ, ಎಳೆದು ಹಾಳೆಗೆ ತನ್ನಿ, ತುಂಬು ಬದಲಿಸಿ, ತಿರುಗಿಸಿ, ಸರಿಯಾದ ಜಾಗಕ್ಕೆ ಸರಿಸಿ. ಕೆಲಸ ಮುಗಿದ ಮೇಲೆ ಕೋಡ್ ನಕಲು ಮಾಡಿಕೊಳ್ಳಿ. ಸೈನ್‌ಪಡಲ್ ಎಂಬ ಆನ್‌ಲೈನ್ ನಿಘಂಟಿನಲ್ಲಿ ಹಲವು ದೇಶಗಳ ಸನ್ನೆ ಭಾಷೆಗಳವರು ತಮ್ಮ ಸನ್ನೆಗಳನ್ನು ಬರೆದಿಟ್ಟಿದ್ದಾರೆ. ಹೊಸದಾಗಿ ಬರೆಯುವ ಮೊದಲು ಅಲ್ಲಿ ಹುಡುಕಿ. ಇನ್ನೊಬ್ಬರು ಹೇಗೆ ಬರೆದರು ಎಂದು ನೋಡುವುದರಿಂದ ಕಲಿತಷ್ಟು ಬೇರೆ ಯಾವುದರಿಂದಲೂ ನಾನು ಕಲಿತಿಲ್ಲ.

ಹೊಸಬರು ಮಾಡುವ ತಪ್ಪು ಜಾಸ್ತಿ ಬರೆಯುವುದು. ಪ್ರತಿ ಬೆರಳಿನ ಪ್ರತಿ ಅಲುಗಾಟಕ್ಕೂ ಗುರುತು ಹಾಕುತ್ತಾರೆ. ಓದುವವರಿಗೆ ಅರ್ಥ ಬೇರೆ ಮಾಡುವ ವಿವರ ಮಾತ್ರ ಸಾಕು.

ಹೆಜ್ಜೆ 6: ಪುಟದಲ್ಲಿ ಇಡುವುದು

ವೆಬ್ ಪುಟವಾದರೆ ಕೋಡನ್ನು ಮೂಲವಾಗಿ ಇಟ್ಟುಕೊಂಡು, ತೋರಿಸುವಾಗ ಮಾತ್ರ ಗೆರೆಗಳ ಲೆಕ್ಕದಿಂದ ಮೂಡುವ ಎಸ್‌ವಿಜಿ ಚಿತ್ರವಾಗಿ ಮೂಡಿಸಿ. ಅದಕ್ಕೆ ಸಟ್ಟನ್ ಸೈನ್‌ರೈಟಿಂಗ್ ಹೆಸರಿನಲ್ಲೇ ಮುಕ್ತ ಜಾವಾಸ್ಕ್ರಿಪ್ಟ್ ಸಾಧನಗಳಿವೆ. ಎಸ್‌ವಿಜಿ ಎಷ್ಟು ಹಿಗ್ಗಿಸಿದರೂ ಮಸುಕಾಗದು. ಕಂಬಗಳು ಎಡದಿಂದ ಬಲಕ್ಕೆ ಸಾಗಲು, ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಬರಹದ ದಿಕ್ಕನ್ನು 'ವರ್ಟಿಕಲ್-ಎಲ್‌ಆರ್' ಎಂದು ಕೊಡಿ. 'ವರ್ಟಿಕಲ್-ಆರ್‌ಎಲ್' ಕೊಟ್ಟರೆ ವಾಕ್ಯ ಹಿಂದುಮುಂದಾಗುತ್ತದೆ.

ಭಾಷೆಯ ಗುರುತನ್ನೂ ಮರೆಯಬೇಡಿ. ಸೈನ್‌ರೈಟಿಂಗ್ ಒಂದು ಲಿಪಿ, ಭಾಷೆ ಅಲ್ಲ. ಅನೇಕ ಸನ್ನೆ ಭಾಷೆಗಳಿಗೆ ತಮ್ಮದೇ ಭಾಷಾ ಕೋಡ್ ಇದೆ. ಅಮೆರಿಕದ್ದು 'ಎಎಸ್‌ಇ', ಲಿಪಿಯ ಕೋಡ್ 'ಎಸ್‌ಜಿಎನ್‌ಡಬ್ಲ್ಯು'. ಎರಡನ್ನೂ ನಡುವೆ ಅಡ್ಡಗೆರೆ ಹಾಕಿ ಜೋಡಿಸಿ ಪುಟದ ಭಾಷೆಯಾಗಿ ಬರೆಯಿರಿ. ಯಾವ ದೇಶದ ಸನ್ನೆ ಎಂದು ಹೇಳದೆ ಬಿಟ್ಟರೆ ಓದುವವರು ತಪ್ಪು ಭಾಷೆಯಲ್ಲಿ ಓದಿಕೊಳ್ಳುತ್ತಾರೆ.

ಪರದೆ ಓದುವ ತಂತ್ರಾಂಶ ಎಸ್‌ವಿಜಿಯಿಂದ ಅರ್ಥ ತೆಗೆಯಲಾರದು. ಕಿವಿಯೂ ಕಣ್ಣೂ ಎರಡೂ ದುರ್ಬಲವಾಗಿರುವವರು ಬ್ರೈಲ್ ಪಟ್ಟಿಯಲ್ಲಿ ಓದುತ್ತಾರೆ. ಅವರಿಗಾಗಿ ಪ್ರತಿ ಸನ್ನೆಗೂ ಬದಲಿ ಪಠ್ಯ ಇಡಿ.

ಹೆಜ್ಜೆ 7: ಹುಡುಕುವುದು, ಜೋಡಿಸುವುದು

ಇಷ್ಟೆಲ್ಲ ಕಷ್ಟಪಟ್ಟು ಕೋಡ್‌ನಲ್ಲಿ ಉಳಿಸಿದ್ದರ ಫಲ ಸಿಗುವುದು ಇಲ್ಲಿ. ಹುಡುಕಾಟದ ಸಾಲನ್ನು 'ಕ್ಯೂ' ಅಕ್ಷರದಿಂದ ಶುರು ಮಾಡುತ್ತಾರೆ. ತುಂಬು ಮತ್ತು ತಿರುವು ಏನಾದರೂ ಇರಲಿ ಎನ್ನಲು ಆ ಎರಡು ಜಾಗದಲ್ಲಿ 'ಯು' ಹಾಕುತ್ತಾರೆ. 'ಕ್ಯೂ ಎಸ್ 14ಸಿ ಯುಯು' ಎಂದರೆ ಐದು ಬೆರಳು ಬಿಡಿಸಿದ ಕೈ ಇರುವ ಎಲ್ಲ ಸನ್ನೆಗಳೂ ಬರುತ್ತವೆ. ಅರ್ಥ ಗೊತ್ತಿಲ್ಲದ ಸನ್ನೆಯನ್ನು ಕಂಡವರು ಕೈಯ ಆಕಾರದಿಂದಲೇ ನಿಘಂಟಿನಲ್ಲಿ ಹುಡುಕಬಹುದು. ಮಾತಿನ ಭಾಷೆಯ ಪದ ಗೊತ್ತಿರಬೇಕಾಗಿಯೇ ಇಲ್ಲ. ಇದು ಎಷ್ಟು ದೊಡ್ಡ ಸಂಗತಿ!

ನಿಘಂಟಿನ ಕ್ರಮಕ್ಕೆ ಜೋಡಿಸಲು ಕೋಡ್‌ನ ಮೊದಲಿಗೆ 'ಎ' ಅಕ್ಷರ ಹಾಕಿ, ಗುರುತುಗಳನ್ನು ಜಾಗ ಹೇಳದೆ ಸಾಲಾಗಿ ಬರೆಯುತ್ತಾರೆ. ನಮ್ಮ 'ಹಲೋ'ಗೆ ಅದು 'ಎ ಎಸ್ 14ಸಿ20 ಎಸ್ 27106' ಆಗುತ್ತದೆ, ಅದರ ನಂತರ 'ಎಮ್' ಭಾಗ.

ಹೆಜ್ಜೆ 8: ಸನ್ನೆ ಮಾಡುವವರ ಮುಂದಿಡಿ

ಬರೆದದ್ದು ಸರಿಯೇ ಎಂದು ನೀವೇ ತೀರ್ಮಾನಿಸಬೇಡಿ, ಆ ಭಾಷೆ ನಿಮ್ಮ ಮೊದಲ ಭಾಷೆ ಅಲ್ಲದಿದ್ದರಂತೂ ಬೇಡವೇ ಬೇಡ. ಆ ಸನ್ನೆ ಭಾಷೆಯಲ್ಲೇ ಬೆಳೆದ, ಈ ಲಿಪಿ ಓದಬಲ್ಲ ಕಿವುಡ ಓದುಗರೊಬ್ಬರಿಗೆ ಬರಹ ಕೊಡಿ. ಮೂಲ ವಿಡಿಯೊ ತೋರಿಸಬೇಡಿ, ಅರ್ಥವನ್ನೂ ಹೇಳಬೇಡಿ. ಓದಿ ಸನ್ನೆ ಮಾಡಲು ಕೇಳಿ. ಕೈ ಎಲ್ಲಿ ತಡವರಿಸುತ್ತದೆಯೋ ಅಲ್ಲಿ ಗುರುತು ಸರಿಯಿಲ್ಲ. ಹೆಚ್ಚಾಗಿ ತಪ್ಪು ಸಿಗುವುದು ಮೂರು ಕಡೆ: ಅಂಗೈಯ ಬಣ್ಣ, ಬಾಣದ ದಂಟು, ಬಿಟ್ಟುಹೋದ ಮುಖ. ಅವರ ಎದುರಿಗೇ ಕೋಡ್ ತಿದ್ದಿ, ಮತ್ತೆ ಓದಲು ಕೊಡಿ. ಎರಡನೆಯ ಸಲ ಅವರು ತಡೆಯಿಲ್ಲದೆ ಸನ್ನೆ ಮಾಡಿದರೆ ಆ ಕೋಡನ್ನೇ ಉಳಿಸಿ.